ಎದುರುಮನೆ ಸೊಸೆಯ ಭಾನುವಾರಗಳು

ಇಂಗ್ಲಿಷ್ ಮಾತಾಡುವಾಗ ಅವಳ ಕತ್ತಿನ ನರಗಳು ಉಬ್ಬಿ ನಿಲ್ಲುತ್ತಿದ್ದವು. ತಲೆಯ ಮೇಲೊಂದು, ಸೊಂಟದಲ್ಲೊಂದು ತುಂಬಿದ ಕೊಡ ಹೊತ್ತು ದಿಬ್ಬ ಹತ್ತುವವರಿಗೆ ನಿಲ್ಲುತ್ತವಲ್ಲ, ಹಾಗೆ. ಕಣ್ಣು ಎದುರಿನ ಗೋಡೆಯಲ್ಲಿ ನೆಟ್ಟಿರುತ್ತಿತ್ತು, ಕೈ ಎರಡೂ ಮರಗಟ್ಟಿರುತ್ತಿದ್ದವು. ಕನ್ನಡಕ್ಕೆ ಬಂದಳೋ, ನರ ಇಳಿಯುತ್ತಿತ್ತು, ಕೈ ಆಡುತ್ತಿತ್ತು, ಮತ್ತೆ ಮನುಷ್ಯಳಾಗುತ್ತಿದ್ದಳು.

ನಮ್ಮೂರು ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿದೆ. ಅವಳು ನಮ್ಮ ಎದುರುಮನೆಗೆ ಸೊಸೆಯಾಗಿ ಬಂದವಳು. ತೌರು ಬೈರಕೂರಿನ ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷೆಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿ ಮರುದಿನ ಮರೆತುಬಿಡುವಂಥದ್ದು. ಮದುವೆಯಾದ ಮೇಲೆ ಕೋಲಾರದಲ್ಲಿ ನರ್ಸಿಂಗ್ ಓದಲು ಸೇರಿದಳು. ಗಂಡ ಟೊಮೇಟೊ ಸಾಗಿಸುವ ಟೆಂಪೋ ಓಡಿಸುತ್ತಾನೆ. ಒಳ್ಳೆಯವನು, ಮಾತಿಲ್ಲ. ಅವನ ಪಾಲಿನ ಮಾತನ್ನೂ ಅವಳ ಮಾವನೇ ಆಡುತ್ತಾನೆ.

ರೂಪವಂತೆ ಅಂತ ನಾನು ಹೇಳುವುದಿಲ್ಲ. ಉದ್ದಕ್ಕಿದ್ದಳು, ಮುದ್ದೆ ನುಂಗುವಾಗಲೂ ಮಾತಾಡುತ್ತಿದ್ದಳು. ಅವಳು ನಕ್ಕರೆ ನಮ್ಮ ಕೊಟ್ಟಿಗೆಯ ಹಸು ಮೇವು ಬಿಟ್ಟು ತಲೆಯೆತ್ತುತ್ತಿತ್ತು.

ಮೊದಲ ವರ್ಷ, ದೊಡ್ಡ ಪರೀಕ್ಷೆಗೆ ಮುಂಚೆ ನರ್ಸಿಂಗ್ ಶಾಲೆಯವರೇ ಒಂದು ಪರೀಕ್ಷೆ ಇಟ್ಟರು. ಗೊಂಬೆಯೊಂದಕ್ಕೆ ಮಲಗಿದಲ್ಲೇ ಸ್ನಾನ ಮಾಡಿಸಬೇಕು, ಮಾಡಿಸುತ್ತಾ ಏನು ಮಾಡುತ್ತಿದ್ದೇನೆಂದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಬೇಕು. ಇವಳು ‘ಗುಡ್ ಮಾರ್ನಿಂಗ್’ನಿಂದ ಹಿಡಿದು ಎಲ್ಲವನ್ನೂ ಉರು ಹೊಡೆದಿದ್ದಳು. ನಡುವೆ ಮೇಡಂ ಏನೋ ಒಂದು ಪ್ರಶ್ನೆ ಕೇಳಿದರು. ಎಲ್ಲಿದ್ದೆನೆಂಬುದೇ ತಪ್ಪಿಹೋಗಿ ಇವಳು ಮತ್ತೆ ‘ಗುಡ್ ಮಾರ್ನಿಂಗ್’ನಿಂದ ಶುರುಮಾಡಿದಳು. ಅವರು ಮತ್ತೆ ಕೇಳಿದರು, ಇವಳು ಮತ್ತೆ ಗುಡ್ ಮಾರ್ನಿಂಗ್. ಫೇಲು.

ಮಾವ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. “ದೊಡ್ಡ ಪರೀಕ್ಷೇಲೂ ಹಿಂಗೇ ಆದ್ರೆ ಓದಿದ್ದು ಸಾಕಮ್ಮ. ನರಸಾಪುರದ ಕಂಪನಿ ಬಸ್ಸು ನಮ್ಮ ರೋಡಲ್ಲೇ ಹೋಗ್ತದೆ. ಹತ್ತು, ದುಡಿ.”

ಕಂಪನಿ ಕೆಲಸ ಕೆಟ್ಟದ್ದೇನಲ್ಲ. ಅವಳಿಗೆ ಬೇಕಿರಲಿಲ್ಲ, ಅಷ್ಟೇ.

ಆ ಭಾನುವಾರ ಅವಳು ನಮ್ಮ ಹೊಸಲಿಗೆ ಬಂದು ನಿಂತಳು. ಸೊಂಟ ಮುರಿದುಕೊಂಡ ನಮ್ಮತ್ತೆ ಆಗ ಮಂಚ ಹಿಡಿದಿದ್ದಳು. ಅತ್ತೆಗೆ ಬರುತ್ತಿದ್ದುದು ತೆಲುಗೊಂದೇ. ಇವಳು ಅವಳನ್ನು ಅವ್ವ ಅನ್ನುತ್ತಿದ್ದಳು.

“ದೊಡ್ಡಮ್ಮ, ಭಾನುವಾರ ಭಾನುವಾರ ಅವ್ವನ್ನ ನನಗೆ ಕೊಡ್ತೀರಾ?”

“ತಗೊಂಡೋಗೇ. ವಾಪಸ್ ಮಾತ್ರ ತರಬೇಡ.”

“ಇಲ್ಲೇ ಇರ್ಲಿ. ಗೊಂಬೆ ಮುಂದೆ ನಿಂತ್ರೆ ನಾನೂ ಗೊಂಬೆ ಆಗೋಗ್ತೀನಿ. ಜೀವ ಇರೋ ಮನುಷ್ಯರು ಬೇಕು ನನಗೆ.”

“ಅವಳಿಗೆ ಬಾಯಲ್ಲಿ ಮಾತ್ರ ಜೀವ ಇರೋದು, ನೋಡ್ಕೋ.”

ಅವಳು ಹಳೆ ಸೀರೆಯೊಂದನ್ನು ಮಂಚಕ್ಕೆ ಅಡ್ಡ ಕಟ್ಟಿದಳು. ಎರಡು ಬೇಸಿನ್ನಿನಲ್ಲಿ ಬಿಸಿನೀರು ತಂದಿಟ್ಟು, ಮಣಿಕಟ್ಟಿನ ಒಳಗಡೆ ಸುರಿದುಕೊಂಡು ಬಿಸಿ ನೋಡಿದಳು. ಆಮೇಲೆ ನರ ಉಬ್ಬಿಸಿಕೊಂಡು, “ಗುಡ್ ಮಾರ್ನಿಂಗ್ ಮದರ್, ಐ ಆಮ್ ಗೋಯಿಂಗ್ ಟು ಗಿವ್ ಯು ಬೆಡ್ ಬಾತ್” ಅಂದಳು.

ಅತ್ತೆ ನನ್ನ ಕಡೆ ತಿರುಗಿದಳು. “ಏಮಂಟಾ ಉಂದೇ ಈ ಪಿಲ್ಲ? ನನ್ನು ಅಮ್ಮೇಸ್ತಾಂದಾ?” ಈ ಹುಡುಗಿ ಏನಂತಿದ್ದಾಳೆ, ನನ್ನನ್ನು ಮಾರಿಬಿಡ್ತಾಳಾ ಅಂತ ಅವಳ ಅನುಮಾನ.

ನನಗೂ ಒಂದು ಕೆಲಸ ಸಿಕ್ಕಿತು.

“ದೊಡ್ಡಮ್ಮ, ನೀವು ಮೇಡಂ. ನಾನು ಏನ್ ಮಾಡಿದ್ರೂ ‘ವೈ’ ಅನ್ನಿ.”

“ಹಂಗಂದ್ರೆ?”

“ಯಾಕೆ ಅಂತ.”

“ಮಾಡೋ ಕೆಲಸಕ್ಕೆಲ್ಲ ಯಾಕೆ ಅನ್ನೋದನ್ನ ನನಗೆ ಹೇಳ್ಕೊಡ್ತೀಯಾ? ಮೂರು ಜನ ಸೊಸೇರನ್ನ ನೋಡಿದೀನಿ ಕಣೇ.”

ಹೀಗೆ ಶುರುವಾಯಿತು. ಉರು ಹೊಡೆದದ್ದನ್ನು ಹೇಳುವಂತಿಲ್ಲ ಅಂತ ಅವಳೇ ಕಟ್ಟು ಹಾಕಿಕೊಂಡಳು. ಮೊದಲು ಕನ್ನಡದಲ್ಲಿ ಕಾರಣ ಹೇಳುತ್ತಿದ್ದಳು, ಆಮೇಲೆ ಬಂದಷ್ಟು ಇಂಗ್ಲಿಷು. ಕೈ ಮಾತ್ರ ನಿಲ್ಲಬಾರದು. “ಬಾಯಿ ತಪ್ಪಿದ್ರೆ ತಪ್ಪಲಿ ದೊಡ್ಡಮ್ಮ, ಕೈ ತಪ್ಪಬಾರದು” ಅನ್ನುತ್ತಿದ್ದಳು. ಕಣ್ಣನ್ನು ಮೂಗಿನ ಕಡೆಯಿಂದ ಆಚೆಗೆ ಒರೆಸಿದಳು. ವೈ? ತೋಳನ್ನು ಬೆರಳಿಂದ ಭುಜದ ಕಡೆಗೆ ಒರೆಸಿದಳು. ವೈ? ಒಂದು ಕಾಲು ತೊಳೆಯುವಾಗ ಇನ್ನೊಂದನ್ನು ಮುಚ್ಚಿದಳು. ವೈ?

“ಚಳಿ ಆಗ್ತದೆ. ಆಮೇಲೆ ಮರ್ಯಾದೆ.” ಮರ್ಯಾದೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ, ಕಾಲು ಒರೆಸುತ್ತಲೇ ಹುಡುಕಿದಳು. ಕೊನೆಗೆ, “ಷಿ ಆಲ್ಸೋ ಹ್ಯಾವ್ ಷೇಮ್, ಮೇಡಂ” ಅಂದಳು.

ಹೇಳಿದ್ದು ಸರಿಯೋ ತಪ್ಪೋ ನನಗೇನು ಗೊತ್ತು? ನಾನು ಕತ್ತು ನೋಡುತ್ತಿದ್ದೆ. ನರ ಎದ್ದರೆ ಇನ್ನೊಂದು ಸಲ ವೈ ಅನ್ನುತ್ತಿದ್ದೆ, ಇಳಿದಿದ್ದರೆ ಮುಂದಕ್ಕೆ ಬಿಡುತ್ತಿದ್ದೆ.

ಒಂದು ಭಾನುವಾರ ಅವಳು “ಗಿವ್ ಮಿ ಯುವರ್ ಹ್ಯಾಂಡ್, ಮದರ್” ಅಂದಾಗ ಅತ್ತೆ ಕೈಯನ್ನು ಎದೆಗೆ ಒತ್ತಿಕೊಂಡು “ವೈ?” ಅಂದುಬಿಟ್ಟಳು. ಇವಳು ನಕ್ಕ ರಭಸಕ್ಕೆ ಬೇಸಿನ್ನು ಉರುಳಿ ನೆಲವೆಲ್ಲ ನೀರು. ಆದರೂ ಬಿಡಲಿಲ್ಲ. ಕಣ್ಣೊರೆಸಿಕೊಂಡು ಆ ಮುದುಕಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

ದೊಡ್ಡ ಪರೀಕ್ಷೆ ಬಂತು. ಪರೀಕ್ಷೆ ಮಾಡಲು ಬೇರೆ ಊರಿನಿಂದ ಒಬ್ಬ ಮೇಡಂ ಬಂದಿದ್ದರು. ಈ ಸಲ ಗೊಂಬೆಯಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ಮುಳಬಾಗಿಲು ಕಡೆಯ ಒಬ್ಬ ತೆಲುಗು ಮುದುಕಿ. ಅಲ್ಲಿ ನಡೆದದ್ದನ್ನು ಅವಳು ಸಂಜೆ ನನಗೆ ಹೇಳಿದಳು. ಮುದುಕಿ ಮೈ ಮುಟ್ಟಿಸಿಕೊಳ್ಳಲೇ ಇಲ್ಲವಂತೆ, ಬೈದಳಂತೆ. ಇವಳು ಮಂಡಿಯೂರಿ ಕೂತು ತೆಲುಗಿನಲ್ಲಿ ಮಾತಾಡಿಸಿ, ಅವಳ ಬೆರಳನ್ನೇ ನೀರಿಗೆ ಅದ್ದಿ ತೋರಿಸಿ, ಎದ್ದು ಮೇಡಂ ಕಡೆ ತಿರುಗಿ, “ಪೇಷಂಟ್ ಈಸ್ ಫಿಯರ್, ಮೇಡಂ. ಸೋ ಫಸ್ಟ್ ಐ ಶೋ ವಾಟರ್ ಟು ಹರ್ ಹ್ಯಾಂಡ್” ಅಂದಳಂತೆ.

“ವೈ?” ಅಂದರಂತೆ ಆ ಮೇಡಂ.

“ನಿಮ್ಮ ಮುಖವೇ ಕಂಡಂಗಾಯ್ತು ದೊಡ್ಡಮ್ಮ! ನಗು ತಡ್ಕೊಳ್ಳೋದೇ ಕಷ್ಟ ಆಯ್ತು.”

“ಉತ್ತರ ಕೊಟ್ಯಾ, ಇಲ್ಲ ಗುಡ್ ಮಾರ್ನಿಂಗ್ ಅಂದ್ಯಾ?”

“ಕೊಟ್ಟೆ. ಅವರು ಒಂದೆರಡು ಮಾತು ತಿದ್ದಿದ್ರು. ತಿದ್ದಿದ್ದನ್ನ ಹೇಳ್ಕೊಂಡು ಮುಂದಕ್ಕೆ ಹೋದೆ.”

ಫಲಿತಾಂಶ ಬಂದ ದಿನ ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ನೇರ ಅತ್ತೆಯ ಮಂಚದ ಹತ್ತಿರ ಓಡಿಬಂದು “ಅವ್ವಾ, ಐ ಪಾಸ್!” ಅಂತ ಕಿರುಚಿದಳು. ನಮ್ಮ ಹಸು ತಲೆಯೆತ್ತಿತು. ಇಂಗ್ಲಿಷ್ ಕಿವಿಗೆ ಬಿದ್ದಿದ್ದರಿಂದ ಸ್ನಾನವೇ ಇರಬೇಕೆಂದುಕೊಂಡ ಅತ್ತೆ, ನೀರು ಬಿಸಿಯಿದೆಯಾ ಅಂತ ತೆಲುಗಿನಲ್ಲಿ ಕೇಳಿದಳು. ಹೊರಗೆ ಮಾವ, “ನಮ್ಮ ಸೊಸೆ ಇಂಗ್ಲಿಷಲ್ಲೇ ಪಾಸಾದ್ಳು” ಅಂತ ಬೀದಿಗೆ ಸಾರುತ್ತಿದ್ದ. ಕಂಪನಿ ಬಸ್ಸಿನ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಓದು ಮುಗಿಯುವವರೆಗೂ ಅವಳು ಭಾನುವಾರ ತಪ್ಪಿಸಲಿಲ್ಲ. ಮಲಗಿದವಳನ್ನು ಎತ್ತದೆ ಹಾಸಿಗೆ ಬಟ್ಟೆ ಬದಲಾಯಿಸುವುದು, ಮಗ್ಗುಲು ತಿರುಗಿಸುವುದು, ಬೆನ್ನು ಉಜ್ಜುವುದು ಎಲ್ಲವನ್ನೂ ನಮ್ಮ ಮನೆಯಲ್ಲೇ ಕಲಿತಳು. ಸೂಜಿ ಚುಚ್ಚುವುದೊಂದು ಬೇಡ ಅಂತ ನಾನೇ ಹೇಳಿದ್ದೆ. ಉಳಿದ ದಿನ ಮಗ್ಗುಲು ತಿರುಗಿಸುವುದು ನನ್ನ ಪಾಲಿಗೆ ಬಂತು. ಮರೆತರೆ ಎದುರುಮನೆಯಿಂದ ಕೂಗು ಬರುತ್ತಿತ್ತು, ಅದೂ ಇಂಗ್ಲಿಷಿನಲ್ಲಿ.

ಈಗ ಅವಳು ಕೋಲಾರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳು ಕೆಲಸಕ್ಕೆ ಸೇರಿದ ವರ್ಷವೇ ಅತ್ತೆ ಹೋದಳು. ವಯಸ್ಸಾಗಿತ್ತು, ಹೋದಳು. ಮೈ ತೊಳೆಯಲು ಬಂದ ಹೆಂಗಸರು ಮಗ್ಗುಲಾಗಿಸಿ, ಒಬ್ಬರನ್ನೊಬ್ಬರು ಕರೆದು ಬೆನ್ನು ತೋರಿಸಿದರು. ವರ್ಷಗಟ್ಟಲೆ ಮಂಚದಲ್ಲಿದ್ದವಳ ಬೆನ್ನಿನಲ್ಲಿ ಒಂದು ಹುಣ್ಣಿಲ್ಲ, ಒಂದು ಕಲೆಯಿಲ್ಲ.

“ಹೆಂಗೆ ನೋಡ್ಕೊಂಡೆ ನೀನು ಅತ್ತೇನ!” ಅಂತ ಒಬ್ಬಳು ನನ್ನನ್ನು ಹೊಗಳಿದಳು.

“ನಾನಲ್ಲ ಕಣೇ” ಅಂದೆ. “ಎದುರುಮನೆ ಸೊಸೆ ನರ್ಸಿಂಗ್ ಓದಿದ್ದು ಈ ಬೆನ್ನಿನ ಮೇಲೆ.”