ಕಲ್ಲಿನಾಥನ ಗಾದಿಯ ಹತ್ತಿ

ನರೋಣಾದಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಅಂಗಳದ ಬೇವಿನ ಕೊಂಬೆಗೆ ಕಟ್ಟಿದ ದಪ್ಪ ಬಟ್ಟೆಯ ಚೀಲವೊಂದು ಮೆಲ್ಲಗೆ ತೂಗುತ್ತಿದೆ. ಗಾಳಿಯಿಲ್ಲ, ಬೇವಿನ ಒಂದೆಲೆಯೂ ಅಲುಗುತ್ತಿಲ್ಲ. ಗಾದಿ ಹೊಲಿಯುವ ಆಫ್ತಾಬ ನದಾಫ ಹೊರಗೆ ಬಂದು, ಚೀಲಕ್ಕೆ ಅಂಗೈ ಒತ್ತಿ ನಿಲ್ಲಿಸುತ್ತಾರೆ.

"ತಡೀಲೇ, ಅಕಿ ಇನ್ನೂ ಕೈಗೆ ಪಟ್ಟಿ ಕಟ್ಟಾಕತ್ತಾಳ," ಎನ್ನುತ್ತಾರೆ. ಸುತ್ತ ಯಾರೂ ಇಲ್ಲ.

ಪಟ್ಟಿ ಕಟ್ಟಿಕೊಂಡು ಬರುವವಳು ಮಗಳು ಜೀನತ, ಹದಿನೇಳರ ಬಾಕ್ಸರ್. ಅವಳು ಎತ್ತಲಿಂದ ಗುದ್ದಿದರೂ ಚೀಲ ಸುತ್ತಿ ಬಂದು ಅವಳ ಬಲಗೆನ್ನೆಯನ್ನೇ ಹುಡುಕುತ್ತದೆ. ಹಗ್ಗದ ಹುರಿಯ ಆಟ ಎಂದು ನಗುವವರು ಊರಲ್ಲಿದ್ದಾರೆ. ಹಾಗೆ ನಗುವವರಲ್ಲಿ ಒಬ್ಬರೂ ಈ ಹೊತ್ತಿಗೆ ಇಲ್ಲಿಗೆ ಬಂದು ನಗುವುದಿಲ್ಲ ಎನ್ನುವುದು ಬೇರೆ ಮಾತು.

ಆಫ್ತಾಬರೂ ಒಂದು ಕಾಲಕ್ಕೆ ಬಾಕ್ಸರ್. ಶಾಲೆಯ ಡ್ರಿಲ್ ಮಾಸ್ತರರು ಈ ಊರಿನ ಇಬ್ಬರು ಹುಡುಗರನ್ನು ತಿದ್ದಿದ್ದರು. ಆಫ್ತಾಬರದು ಚುರುಕು ಕಾಲು, ಗೆಳೆಯ ಕಲ್ಲಿನಾಥನದು ಎಡಗೈ. ಇಬ್ಬರೂ ರಾಜ್ಯದ ತಂಡಕ್ಕೆ ಹೋಗುವವರೇ ಎಂದು ಊರು ನಂಬಿತ್ತು. ಕಲಬುರಗಿಯ ಆಯ್ಕೆಗೆ ಮೂರು ದಿನವಿರುವಾಗ ಭಾಗ್ಯವಂತಿ ದೇವಿಗೆ ಕೈಮುಗಿದು ಬರುತ್ತೇನೆಂದು ಘತ್ತರಗಿಗೆ ಹೋದ ಕಲ್ಲಿನಾಥ, ಅಲ್ಲಿಯ ಭೀಮಾ ನದಿಯಲ್ಲಿ ಮುಳುಗಿ ತೀರಿಕೊಂಡ.

"ನಾ ಒಬ್ಬನ ಹೋದ್ನಿರಿ. ರಿಂಗಿನ್ಯಾಗ ಎದುರಿಗಿದ್ದವನ ಮಾರಿ ಕಾಣಲಿಲ್ಲ. ಕಲ್ಲ್ಯಾನ ಎಡಗೈ ಯಾವಾಗ ಬರ್ತದ ಅಂತ ಕಾಯಕೋತ ನಿಂತೆ. ಅಷ್ಟರಾಗ ಕೆಳಗ ಬಿದ್ದಿದ್ದೆ," ಎನ್ನುತ್ತಾರೆ. ಮತ್ತೆಂದೂ ಅವರು ರಿಂಗ್ ಹತ್ತಲಿಲ್ಲ. ಅಪ್ಪನ ಕಸುಬು ಹಿಡಿದರು. ಈಗ ದಿನಕ್ಕೆರಡು ಗಾದಿ, ಮದುವೆಯ ದಿನಗಳಲ್ಲಿ ನಾಲ್ಕು. ಹತ್ತಿಯ ಧೂಳು ಕುಡಿದು ಕುಡಿದು ಎದೆ ಗೊರಗುಟ್ಟುತ್ತದೆ.

ಸತ್ತವರು ಮಲಗಿದ ಗಾದಿಯನ್ನು ಇಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ಗಾದಿ ಹೊಲಿಯುವ ನದಾಫರ ಕೈಗೆ ಕೊಡುತ್ತಾರೆ, ಅವರು ಊರ ಹೊರಗೆ ಒಯ್ದು ಸುಡುತ್ತಾರೆ. ಕಲ್ಲಿನಾಥನ ತಾಯಿ ಹಣಮವ್ವನೂ ಮಗನ ಗಾದಿಯನ್ನು ಹಾಗೆಯೇ ಕೊಟ್ಟಿದ್ದಳು. ಆಫ್ತಾಬರಿಗೆ ಕಡ್ಡಿ ಗೀರಲು ಕೈ ಬರಲಿಲ್ಲ. ಗಾದಿ ಬಿಚ್ಚಿ, ಹತ್ತಿಯನ್ನು ಹಿಂಜದೆ ಹಾಗೇ ಈ ಚೀಲಕ್ಕೆ ತುಂಬಿದರು.

"ಹಿಂಜಿದರ ಹತ್ತಿ ಮಲಗಿದವರನ್ನ ಮರೀತದ್ರಿ. ಊರ ಮಂದಿ ಗಾದಿ ಎಲ್ಲಾ ಹಿಂಜೀನಿ. ಇದೊಂದು ಮುಟ್ಟಿಲ್ಲ."

ಹೋದ ತಿಂಗಳು ಕಲಬುರಗಿಯ ತರಬೇತುದಾರರೊಬ್ಬರು ಜೀನತ ಎಡಗೈ ಹೊಡೆತ ತಪ್ಪಿಸಿಕೊಳ್ಳುವುದನ್ನು ನೋಡಿ, ಯಾವ ಎಡಗೈಯವರ ಜೊತೆ ಅಭ್ಯಾಸ ಮಾಡುತ್ತೀ ಎಂದು ಕೇಳಿದರಂತೆ. ನರೋಣಾದಲ್ಲಿ ಅವಳನ್ನು ಬಿಟ್ಟರೆ ಬಾಕ್ಸರೇ ಇಲ್ಲ.

"ಯಾರೂ ಕಲಿಸಿಲ್ರಿ," ಎನ್ನುತ್ತಾಳೆ ಜೀನತ. "ಚೀಲ ತಿರುಗಿ ಬರೂಕಿಂತ ಮೊದಲ ಯಾರೋ ಮೂಗಿನಿಂದ ಉಸಿರು ಬಿಟ್ಟಂಗ ಕೇಳ್ತದ. ಕೇಳಿದ ಕೂಡ್ಲೇ ಬಗ್ಗತೇನಿ."

ಆಫ್ತಾಬರು ನೆಲ ನೋಡುತ್ತಾರೆ. ಎಡಗೈ ಬೀಸುವ ಮೊದಲು ಹಾಗೆ ಉಸಿರು ಬಿಡುವುದು ಕಲ್ಲಿನಾಥನ ರೂಢಿ. ಅದನ್ನು ಅವರು ಮಗಳಿಗೆ ಒಮ್ಮೆಯೂ ಹೇಳಿಲ್ಲ. ಹೇಳಲು ಅವರಿಗೆ ಹೆದರಿಕೆ.

ಭಾನುವಾರ ಜೀನತಳ ಆಯ್ಕೆ, ಅಪ್ಪ ಸೋತ ಅದೇ ಕಲಬುರಗಿಯಲ್ಲಿ. ಚೀಲದ ಹೊಲಿಗೆ ಬಿಚ್ಚಿದೆ, ಅಡಿಯಿಂದ ಹತ್ತಿ ಇಣುಕುತ್ತಿದೆ. ಆಫ್ತಾಬರು ಗಾದಿಯ ಸೂಜಿ ತಂದು ಎರಡು ಹೊಲಿಗೆ ಹಾಕುತ್ತಾರೆ, ಗಾಯಕ್ಕೆ ಹಾಕಿದಷ್ಟೇ ಮೆತ್ತಗೆ. ಗೆಲ್ಲಲಿ ಎಂದು ದುವಾ ಮಾಡುತ್ತೀರಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಗೆಲ್ಲೂದು ಬಿಡೂದು ಆಮ್ಯಾಲಿಂದು. ಎದುರಿಗಿದ್ದಾಕಿ ಮಾರಿ ಅಕಿಗೆ ಕಾಣಬೇಕು, ಅಷ್ಟ ಸಾಕು."

ಸೂಜಿಯ ದಾರ ಹಲ್ಲಿನಿಂದ ಕಡಿದು, ಚೀಲದ ಮೇಲೆ ಕೈಯಿಟ್ಟು ದನಿ ತಗ್ಗಿಸುತ್ತಾರೆ.

"ಸೋಮವಾರ ಇದನ್ನ ಹಿಂಜಿ ಬಿಡ್ತೇನ್ರಿ. ಅವನೂ ಭಾಳ ದಣದಾನ."