ಕಂಬಳಿ ಪಣವಿಟ್ಟ ತಾತ

ನನ್ನ ಮಾಯದ ಕಥೆಗಳಲ್ಲಿ ಮಂಜೇ ಹೆಚ್ಚು, ಮನುಷ್ಯರು ಕಡಿಮೆ ಎಂದು ಯಾರಾದರೂ ಅಂದರೆ, ತಮಿಳುನಾಡಿನ ಕೊಳತ್ತೂರಿನ ಕುರಿ ಕಾಯುವ ತಾತ ನೆನಪಾಗುತ್ತಾನೆ. ಎಪ್ಪತ್ತರ ದಶಕದಲ್ಲಿ ಅವನು ಚಹದಂಗಡಿಯ ಬೆಂಚಿನ ಮೇಲೆ ಕೂತು, ಹೆಗಲ ಕಂಬಳಿಯನ್ನು ತೊಡೆಗಿಳಿಸಿ, “ಸುಳ್ಳಾದ್ರೆ ಕಂಬ್ಳಿ ಕಿತ್ಕೊಳ್ರಲಾ” ಎಂದೇ ಕಥೆ ಶುರು ಮಾಡುತ್ತಿದ್ದ.

ಒಂದು ದಿನ ಅವನು ಹೇಳಿದ ಕಥೆಯಲ್ಲಿ, ಚಳಿಗಾಲದ ಬೆಳಗ್ಗೆ ಅವನ ಟಗರು, ಗೊರಸೂ ನೆನೆಯದಂತೆ ಮೆಟ್ಟೂರು ಅಣೆಕಟ್ಟೆಯ ನೀರಿನ ಮೇಲೆ ನಡೆಯಿತು. ಮಂಜು ಹಸಿರಾಯಿತು. ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಗುಡಿಯ ಗಂಟೆ ನೀರಿನಡಿಯಿಂದ ಮೊಳಗಿತು. ನಾವೆಲ್ಲ ತಲೆದೂಗಿದೆವು.

“ಆ ಚಳೀಲಿ ನನ್ ಬಾಮೈದ ಓಡ್‌ಬಂದು ಕಾಪಿ ಕುಡಿಸ್ದ” ಎಂದ ತಾತ.

ಅಂಗಡಿ ಗೊಳ್ಳೆಂದಿತು. ಆ ಬಾಮೈದ ಯಾರಿಗೂ ಒಂದು ಲೋಟ ನೀರು ಕೊಟ್ಟವನಲ್ಲ.

“ಪೊಯ್ಯಿ, ಬರೀ ಸುಳ್ಳು! ತೆಗಿ ಕಂಬ್ಳಿಯ!” ಎಂದು ನಾಲ್ವರು ಎಳೆದರು. ತಾತ ಕಂಬಳಿಯನ್ನು ಎದೆಗವಚಿಕೊಂಡು, ಮೂಲೆಯಲ್ಲಿ ಕೂತಿದ್ದ ಬಾಮೈದನನ್ನು ದೈನ್ಯದಿಂದ ನೋಡಿದ.

ಬಾಮೈದ ಎದ್ದು ನಿಂತ. “ಟಗರು ನೀರ್ ಮ್ಯಾಲೆ ನಡ್ದಿದ್ದ ನಾನೇ ಕಣ್ಣಾರೆ ಕಂಡೆ. ಆದ್ರೆ ಕಾಪಿ ಕೊಡೋ ಆಳಲ್ಲ ನಾನು. ತಿದ್ಕೋ ಬಾವ.”

ತಾತ ತಿದ್ದಿಕೊಂಡ. ನಾಲ್ವರೂ ಕಂಬಳಿ ಬಿಟ್ಟರು. ಟಗರು ನೀರಿನ ಮೇಲೆ ಮುಂದಕ್ಕೆ ನಡೆಯಿತು.