ಫಕೀರವ್ವನ ಹೊಟ್ಟೆಕಿಚ್ಚು

ಫಕೀರವ್ವನಿಗೆ ಹೊಟ್ಟೆಕಿಚ್ಚಿತ್ತು ಎಂದು ಬರೆದರೆ ಅವಳೇನೂ ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಮುಂದೆ ತಾನೇ ಎರಡು ಸಲ ಬಾಯಿಬಿಟ್ಟು ಒಪ್ಪಿಕೊಂಡವಳು. ಆ ಮಳೆಗಾಲದಲ್ಲಿ, ಅವಳು ಯಾರ ಮೇಲೆ ಕರುಬುತ್ತಿದ್ದಳೋ ಅದೇ ಹೆಂಗಸಿನ ಮೇಲೆ ನನಗೂ ಅಷ್ಟೇ ಹೊಟ್ಟೆಕಿಚ್ಚಿತ್ತು. ನಾನು ಮಾತ್ರ ಒಪ್ಪಿಕೊಂಡಿರಲಿಲ್ಲ. ಟೀಚರ್ ಆದವಳಿಗೆ ಅಂಥ ಧೈರ್ಯ ಬರುವುದು ತಡ.

ರಾಜ್ಯದ ಗಡಿಯಾಚೆ, ಸಾಂಕೋಲೆಯ ಕಾರ್ಖಾನೆಗಳ ಹಿಂದೆ ತಗಡಿನ ಮನೆಗಳ ಸಾಲೊಂದಿದೆ. ಅದರಲ್ಲಿ ನಾಲ್ಕನೆಯದು ಅವಳ ಮನೆ. ಊರು ಸಿಂದಗಿ ಕಡೆ. ಗಂಡ ಕಂಠೆಪ್ಪ ಬಂದರಿನಲ್ಲಿ ಹಮಾಲಿ. ಇವಳು ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಕಾಂಕ್ರೀಟು ತುಂಬಿದ ಕಬ್ಬಿಣದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮೂರನೆಯ ಅಂತಸ್ತಿಗೆ ಹತ್ತುವ ಹೆಂಗಸು. ಸಿಟ್ಟು ಮೂಗಿನ ತುದಿಯಲ್ಲೇ. ಒಬ್ಬಳೇ ಮಗಳು ಶ್ವೇತಾ, ಎಂಟು ವರ್ಷ, ನಮ್ಮ ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿ.

ಎರಡನೆಯ ತರಗತಿಯಲ್ಲಿ ಹದಿನೈದರ ಮಗ್ಗಿಯನ್ನು ಗಡಗಡ ಒಪ್ಪಿಸುತ್ತಿದ್ದ ಹುಡುಗಿ ಜೂನ್‌ನಲ್ಲಿ ಶಾಲೆಯ ಗೇಟು ದಾಟಲಿಲ್ಲ. ದೂರದಿಂದ ಗೇಟು ಕಂಡರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಉಸಿರು ಮೇಲೆ ಕೆಳಗೆ ಆಗಿ, ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಏನಾಯಿತೆಂದು ಕೇಳಿದರೆ ತುಟಿ ಬಿಚ್ಚುತ್ತಿರಲಿಲ್ಲ.

ಫಕೀರವ್ವ ಮೊದಲು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ತಾಯಿತ ಕಟ್ಟಿಸಿದಳು. ಎರಡೂ ಕೆಲಸ ಮಾಡದಿದ್ದಾಗ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಸ್ಲ್ಯಾಬ್ ಹಾಕುವ ದಿನ ಬುಟ್ಟಿ ಹೊತ್ತವಳು ನಡುದಾರಿಯಲ್ಲಿ ನಿಲ್ಲುವಂತಿಲ್ಲ, ಒಂದೇ ಉಸಿರಿಗೆ ಹತ್ತಿ ಸುರಿದು ಇಳಿಯಬೇಕು. ಹಾಗೆಯೇ ಒಂದು ಸೋಮವಾರ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, ನನ್ನ ತರಗತಿಯ ಬೆಂಚಿನ ಮೇಲೆ ಕೂರಿಸಿ, ಹಿಂದೆ ತಿರುಗಿ ನೋಡದೆ ಹೋಗಿಬಿಟ್ಟಳು. ಹುಡುಗಿ ಫ್ರಾಕಿನಲ್ಲೇ ಉಚ್ಚೆ ಮಾಡಿಕೊಂಡಳು. ಬೆಂಚಿನ ಕೆಳಗೆ ಸೇರಿಕೊಂಡವಳು ಮಧ್ಯಾಹ್ನದ ಊಟದ ಹೊತ್ತಾದರೂ ಹೊರಗೆ ಬರಲಿಲ್ಲ. ಮರುದಿನದಿಂದ ಶಾಲೆಯ ಓಣಿಗೇ ಕಾಲಿಡಲಿಲ್ಲ.

ನಾನೇನು ಕಡಿಮೆ ಮಾಡಿದೆನೇ? ಮನೆಗೆ ಹೋಗಿ ಚಾಕಲೇಟು ಕೊಟ್ಟೆ, ಮುಂದಿನ ಬೆಂಚಿನ ಆಸೆ ತೋರಿಸಿದೆ, ಒಂದು ಸಲ ಗದರಿಸಿಯೂ ನೋಡಿದೆ. ಗದರಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಕೊನೆಗೆ ಸರಕಾರಿ ಆಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದೆವು. ಇದು ಹಟವೂ ಅಲ್ಲ, ದೆವ್ವವೂ ಅಲ್ಲ, ಅಂಜಿಕೆಯ ಕಾಯಿಲೆ ಎಂದರು ಅವರು. ಎತ್ತಿ ಒಯ್ಯಬೇಡಿ, ಹಾಗೆಂದು ಮನೆಯಲ್ಲೂ ಕೂರಿಸಬೇಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಕರೆದುಕೊಂಡು ಹೋಗಿ, ಹದಿನೈದು ದಿನಕ್ಕೊಮ್ಮೆ ತೋರಿಸಿ ಎಂದು ಹೇಳಿ ಕಳಿಸಿದರು.

"ಸ್ವಲ್ಪ ಸ್ವಲ್ಪ ಅಂದ್ರ ಹೆಂಗ್ರಿ ಅಕ್ಕೋರ?" ಎಂದು ಫಕೀರವ್ವ ನನ್ನ ಮೇಲೆ ಹರಿಹಾಯ್ದಳು. "ಎಂಟಕ್ಕ ನಾ ಸೈಟಿನ್ಯಾಗ ಇರಬೇಕು. ತಡ ಆದ್ರ ಮುಕಾದಮ ಬ್ಯಾರೆ ಹೆಣ್ಣಾಳು ಕರೀತಾನ."

ಆಗ ನಡುವೆ ಬಂದವಳು ಗಂಗೀಬಾಯಿ. ಎರಡು ಮನೆ ಆಚೆಗಿನ ಲಂಬಾಣಿ ಹೆಂಗಸು. ಐವತ್ತು ದಾಟಿದೆ, ಮಕ್ಕಳಿಲ್ಲ. ಕೋಲ್ವಾ ಸಮುದ್ರದ ದಂಡೆಯಲ್ಲಿ ಮಣಿಸರ, ಕನ್ನಡಿ ಹಚ್ಚಿದ ಚೀಲ ಮಾರುತ್ತಾಳೆ. ಮಳೆಗಾಲ ನಾಲ್ಕು ತಿಂಗಳು ದಂಡೆಯಲ್ಲಿ ಗಿರಾಕಿಗಳಿಲ್ಲ. ಮುಂದಿನ ಹಂಗಾಮಿಗೆಂದು ಮನೆಯಲ್ಲಿ ಸರ ಪೋಣಿಸುತ್ತಾ ಕೂರುತ್ತಾಳೆ. ಕೂಸನ್ನು ನನ್ನ ಹತ್ತಿರ ಬಿಟ್ಟು ಹೋಗು ತಂಗಿ ಎಂದು ತಾನಾಗಿಯೇ ಕೇಳಿದಳಂತೆ. ಫಕೀರವ್ವನಿಗೆ ಬೇರೆ ದಾರಿಯೂ ಇರಲಿಲ್ಲ.

ಗಂಗೀಬಾಯಿ ಶಾಲೆಯ ಮಾತೇ ಎತ್ತಲಿಲ್ಲ. ಮೊದಲ ವಾರ ಓಣಿಯ ಬಾಯಲ್ಲಿ, ಮುಚ್ಚಿದ ಗೂಡಂಗಡಿಯ ತಗಡಿನ ಕೆಳಗೆ ಕುಳಿತಳು. ಪಕ್ಕದಲ್ಲಿ ಶ್ವೇತಾ, ಮುಂದೆ ಮಣಿಗಳ ಡಬ್ಬಿಗಳು. ಎರಡನೆಯ ವಾರ ಇಪ್ಪತ್ತು ಹೆಜ್ಜೆ ಈಚೆ, ಗೋಡಂಬಿ ಮರದ ಬುಡಕ್ಕೆ ಬಂದರು. ಹುಡುಗಿಯ ಉಸಿರು ಏರಿದರೆ ಇವಳು ಏಳುತ್ತಿರಲಿಲ್ಲ, ಮನೆಗೆ ಓಡುತ್ತಿರಲಿಲ್ಲ, ಏನಾಯಿತು ಎಂದು ಕೇಳುತ್ತಲೂ ಇರಲಿಲ್ಲ. ನೀಲಿ ಮಣಿ ಆರಿಸಿ ಕೊಡು ಎನ್ನುತ್ತಿದ್ದಳು, ಅಷ್ಟೇ. ಉಸಿರು ತಾನಾಗಿ ಇಳಿಯುವವರೆಗೂ ಅಲ್ಲೇ ಕೂರುತ್ತಿದ್ದಳು. ಇಳಿದ ಮೇಲೇ ಮನೆಗೆ.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಒಂದು ದಿನ ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಕಹಿ ಇದ್ದಿರಬೇಕು.

"ದಂಡಿ ಮ್ಯಾಲ್ರಿ," ಎಂದಳು. "ಗಿರಾಕಿ ಕಡೆ ನೆಟ್ಟಗ ಹ್ವಾದ್ರ ಎದ್ದು ಹೋಗ್ತಾರ್ರಿ. ದೂರ ಕುಂದ್ರಬೇಕು. ನಮ್ಮ ಕೆಲಸ ನಾವು ಮಾಡಬೇಕು. ಅವ್ರ ಕಣ್ಣಿಗಿ ನಾವು ರೂಢಿ ಆದ ಮ್ಯಾಲ ಒಂದೀಟು ಈಚಿ ಸರಿಬೇಕು. ಇಲ್ಲಿ ಸಾಲಿನೂ ಹಂಗ ರೂಢಿ ಆಗಬೇಕ್ರಿ ಕೂಸಿಗೆ."

ಆಗಸ್ಟ್ ನಡುವಿನಲ್ಲಿ ಇಬ್ಬರೂ ಗೇಟಿನ ಪಕ್ಕದಲ್ಲಿದ್ದರು. ತಿಂಗಳ ಕೊನೆಗೆ ನನ್ನ ತರಗತಿಯ ಹೊರಗಿನ ಕಟ್ಟೆಯ ಮೇಲೆ. ಒಳಗೆ ನಾನು ಮಗ್ಗಿ ಹೇಳಿಸುತ್ತಿದ್ದರೆ ಹೊರಗಿನಿಂದ ಸಣ್ಣ ದನಿಯೊಂದು ಸೇರಿಕೊಂಡಿತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಹತ್ತೊಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಗೋಡೆಗೆ ತೂಗುಹಾಕಲು ಎರಡು ಪದವಿಗಳಿವೆ. ಸಹಿ ಮಾಡಲು ಬಾರದ ಹೆಂಗಸು ನನ್ನ ಕಿಟಕಿಯ ಕೆಳಗೆ ಕುಳಿತು ನನ್ನ ಕೆಲಸ ಮಾಡುತ್ತಿದ್ದಳು.

ಫಕೀರವ್ವನದು ಇನ್ನೂ ದೊಡ್ಡ ಉರಿ. ಸಂಜೆ ಮೈತುಂಬ ಸಿಮೆಂಟು ಬಡಿದುಕೊಂಡು ಮನೆಗೆ ಬಂದರೆ ಮಗಳು ಗಂಗೀಬಾಯಿಯ ಮನೆಯಿಂದ ಏಳುತ್ತಿರಲಿಲ್ಲ. ತಾಯಿ ಮಾಡಿದ ರೊಟ್ಟಿ ಅರ್ಧ ಬಿಟ್ಟು, ಅಲ್ಲಿ ಹೋಗಿ ಒಂದು ತುಂಡು ತಿನ್ನುತ್ತಿದ್ದಳು. ತಲೆ ಬಾಚಿಸಿಕೊಳ್ಳುವುದೂ ಅಲ್ಲೇ. ಫಕೀರವ್ವ ಎಲ್ಲವನ್ನೂ ನುಂಗಿಕೊಂಡಳು. ಒಂದು ಭಾನುವಾರ ನೀರಿನ ನಲ್ಲಿಯ ಹತ್ತಿರ, ಸಾಲಿನ ಹೆಂಗಸರೆಲ್ಲರ ಎದುರಿಗೆ, ಮಗಳು ಗಂಗೀಬಾಯಿಯನ್ನು "ಯಾಡಿ" ಎಂದು ಕರೆದಳು. ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅಂದೇ ಸಂಜೆ ನನ್ನ ಮನೆಗೆ ಬಂದಳು. "ಯಾಡಿ ಅಂದ್ರ ಅವರ ಮಾತಿನ್ಯಾಗ ಅವ್ವ ಅಂತ್ರಿ, ಅಕ್ಕೋರ. ಒಂಬತ್ತು ತಿಂಗಳು ಹೊತ್ತಾಕಿ ನಾನು. ಅವ್ವ ಆಕಿ ಆದ್ಲು. ನಾಳಿಂದ ಕೂಸಿನ್ನ ನಾನ ಕರಕೊಂಡು ಬರ್ತೀನಿ. ಆಕಿ ಸಾಲಿ ಕಡೆ ತಲಿ ಹಾಕಬಾರದು."

ಡಾಕ್ಟರನ್ನು ಒಂದು ಮಾತು ಕೇಳೋಣ ಎನ್ನಬಹುದಿತ್ತು. ಹುಡುಗಿ ದಾರಿಗೆ ಬರುತ್ತಿದ್ದಾಳೆ, ಇನ್ನೊಂದು ತಿಂಗಳು ತಡೆದುಕೋ ಎನ್ನಬಹುದಿತ್ತು. "ತಾಯಿ ಜಾಗ ತಾಯಿದೇ" ಎಂದೆ. ಫಕೀರವ್ವನಿಗಾಗಿ ಹೇಳಿದ ಮಾತಲ್ಲ ಅದು. ನನ್ನ ಕಿಟಕಿಯ ಕೆಳಗಿಂದ ಗಂಗೀಬಾಯಿ ಎದ್ದು ಹೋದರೆ ಸಾಕಿತ್ತು ನನಗೆ.

ಫಕೀರವ್ವ ಮೂರು ದಿನ ಕೆಲಸ ಬಿಟ್ಟು ಅದೇ ಕಟ್ಟೆಯ ಮೇಲೆ ಮಗಳ ಪಕ್ಕ ಕುಳಿತಳು. ಆದರೆ ಕುಳಿತಿರಲು ಬರಬೇಕಲ್ಲ. ಐದು ನಿಮಿಷಕ್ಕೊಮ್ಮೆ ಮಗಳ ಎದೆ ಮುಟ್ಟಿ ನೋಡುವಳು. "ಅಂಜಿಕಿ ಆಗಾಕತ್ತೇತೇನು? ಈಗ ಹೆಂಗೈತಿ? ಒಳಗ ಹೋಗ್ತಿ?" ಎಂದು ಕೇಳಿದ್ದನ್ನೇ ಕೇಳುವಳು. ಮೊದಲ ದಿನ ಹುಡುಗಿ ತಾಯಿಯ ಸೆರಗು ಹಿಡಿದಳು. ಎರಡನೆಯ ದಿನ ಆ ಸೆರಗನ್ನು ಕೈಗೆ ಸುತ್ತಿಕೊಂಡಳು. ಮೂರನೆಯ ದಿನ ಓಣಿಯಲ್ಲೇ ಕುಸಿದು ಕುಳಿತು, ನೀನು ಕೆಲಸಕ್ಕೆ ಹೋಗಕೂಡದು ಎಂದು ಉಸಿರು ಸಿಗದಂತೆ ಅತ್ತಳು. ಎರಡು ತಿಂಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಗಳಿಸಿದ್ದು ಮೂರು ದಿನದಲ್ಲಿ ನೀರಿನಲ್ಲಿ ಹೋಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಫಕೀರವ್ವ ಗಂಗೀಬಾಯಿಯ ಬಾಗಿಲಿಗೆ ಹೋದಳು. ನಾನೂ ಜೊತೆಗಿದ್ದೆ, ತಪ್ಪಿನಲ್ಲಿ ನನ್ನ ಪಾಲೂ ಇತ್ತಲ್ಲ. ಗಂಗೀಬಾಯಿ ಒಳಗೆ ಕರೆದು ಕೂರಿಸಿ ಚಹಾ ಕಾಸಿದಳು. ಹಂಗಿಸಲಿಲ್ಲ. ಹಂಗಿಸಿದ್ದರೆ ನಮ್ಮಿಬ್ಬರಿಗೂ ಎಷ್ಟೋ ಹಗುರವಾಗುತ್ತಿತ್ತು.

"ಕೂಸು ನನಗ ಆಣಿ ಹಾಕಿತ್ತು. ಇವತ್ತು ಆಣಿ ಮುರೀತೀನಿ," ಎಂದಳು. "ಆಕಿ ಅಂಜಿಕಿ ಸಾಲಿದಲ್ಲ ತಂಗಿ, ನಿಂದು. ಯಮನೂರಪ್ಪ ಬಿದ್ದು ಸತ್ತನಲ್ಲ, ಆವತ್ತಿಂದ."

ಏಪ್ರಿಲ್‌ನಲ್ಲಿ ಅದೇ ತಗಡಿನ ಮನೆಗಳ ಸಾಲಿನ ಯಮನೂರಪ್ಪ ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡಿದ್ದ. ಹೆಣ ಅಲ್ಲಿಗೆ ಬಂದಾಗ ಮಕ್ಕಳೆಲ್ಲ ನೋಡಿದ್ದರು. ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಅದನ್ನು ಈ ಹುಡುಗಿಯ ವಾಂತಿಗೆ, ನಡುಕಕ್ಕೆ ಜೋಡಿಸಿ ನೋಡಲು ನನ್ನ ಎರಡು ಪದವಿಗಳಿಗೂ ಆಗಿರಲಿಲ್ಲ.

"ತಾನು ಸಾಲ್ಯಾಗ ಕುಂತಾಗ ಅವ್ವ ಬಿದ್ರ ತನಗ ಯಾರು ಹೇಳ್ತಾರ ಅಂತ ಆಕಿ ಚಿಂತಿ," ಎಂದಳು ಗಂಗೀಬಾಯಿ. "ನೀ ಮಗ್ಗಲದಾಗ ಕುಂತ್ರ ಅದು ಇನ್ನೂ ಹೆಚ್ಚಾಗತೈತಿ. ಎದ್ದು ಹೋಗ್ತೀಯಲ್ಲ, ಅದಕ್ಕ."

ಫಕೀರವ್ವ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಸಿಟ್ಟಿಗೆದ್ದಳು. "ಇದನ್ನ ನನ್ನ ಮುಂದ ಯಾಕ ಹೇಳಲಿಲ್ಲ ಆಕಿ? ನಿನ್ನ ಮುಂದ ಯಾಕ ಹೇಳಿದ್ಲು?"

"ನಾನೂ ಅದನ್ನ ಕೇಳ್ದೆ. ಅವ್ವಗ ಹೇಳಿದ್ರ ಅವ್ವನೂ ಅಂಜ್ತಾಳ, ಅಂಜಿದಾಕಿ ಮ್ಯಾಲಿಂದ ಬೀಳ್ತಾಳ ಅಂದ್ಲು. ನಾ ಅಂಜಿದ್ರ ಆಕಿಗೇನು ಹೋಗೂದೈತಿ? ಅದಕ್ಕ ನನ್ನ ಮುಂದ ಹೇಳಿದ್ಲು."

ಈ ಮಾತನ್ನು ಹೇಳುವಾಗ ಗಂಗೀಬಾಯಿ ನಮ್ಮಿಬ್ಬರ ಮುಖ ನೋಡಲಿಲ್ಲ, ಒಲೆಯ ಕಡೆ ನೋಡುತ್ತಿದ್ದಳು. ಇಷ್ಟು ದಿನ ನಾವಿಬ್ಬರೂ ಯಾರ ಮೇಲೆ ಕರುಬುತ್ತಿದ್ದೆವೋ ಅವಳ ಪಾಲಿಗೆ ಬಂದದ್ದು ಇಷ್ಟೇ ಎಂದು ಆಗ ತಿಳಿಯಿತು. ಫಕೀರವ್ವನ ಸಿಟ್ಟು ಇಳಿಯಿತು. ಕಿಚ್ಚು ಮಾತ್ರ ಪೂರ್ತಿ ಆರಲಿಲ್ಲ. ಕಾರಣ ಏನೇ ಇರಲಿ, ಗುಟ್ಟು ಎಷ್ಟೋ ವಾರ ಆ ಮನೆಯಲ್ಲಿತ್ತು, ಈ ಮನೆಯಲ್ಲಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಗಂಗೀಬಾಯಿ ಮತ್ತೆ ಓಣಿಯ ಬಾಯಿಂದಲೇ ಶುರುಮಾಡಿದಳು. ಫಕೀರವ್ವ ಮುಕಾದಮನಿಗೆ ಕೈಮುಗಿದು ಒಂಬತ್ತಕ್ಕೆ ಬರಲು ಒಪ್ಪಿಸಿ, ದಿನಾ ಒಂದು ಗಂಟೆ ಗಂಗೀಬಾಯಿಯ ಪಕ್ಕ ಕುಳಿತು, ಸುಮ್ಮನಿರುವುದನ್ನು ಕಲಿತಳು. ಅವಳಿಗೆ ಮೂರನೆಯ ಅಂತಸ್ತಿಗೆ ಬುಟ್ಟಿ ಹೊರುವುದಕ್ಕಿಂತ ಅದು ಕಷ್ಟವಾಯಿತು. ಡಾಕ್ಟರಿಗೂ ಯಮನೂರಪ್ಪನ ವಿಷಯ ತಿಳಿಸಿದೆವು. ಬೀಳುವುದಿಲ್ಲ ಎಂದು ಆಣೆ ಇಟ್ಟು ನಂಬಿಸಬೇಡಿ, ಖರೇ ಇದ್ದದ್ದನ್ನು ಮಾತಾಡಿ ಎಂದರು. ಆದರೆ ಏನು ಮಾತಾಡಬೇಕೆಂದು ಫಕೀರವ್ವನಿಗೆ ಹೊಳೆಯಲಿಲ್ಲ. ಹುಡುಗಿ ಕಟ್ಟೆಯವರೆಗೆ ಬಂದಳು. ಹೊಸ್ತಿಲು ಮಾತ್ರ ದಾಟಲಿಲ್ಲ.

ಅಕ್ಟೋಬರ್‌ನಲ್ಲಿ ದಂಡೆಯ ಹಂಗಾಮು ಶುರುವಾಯಿತು. ಗಂಗೀಬಾಯಿ ಬೆಳಿಗ್ಗೆ ಆರರ ಬಸ್ಸಿಗೆ ಕೋಲ್ವಾಕ್ಕೆ ಹೋಗತೊಡಗಿದಳು. ಮೊದಲ ದಿನವೇ ತಾಯಿ ಮಗಳು ಇಬ್ಬರೇ ಬಂದು ಕಟ್ಟೆಯ ಮೇಲೆ ಕುಳಿತರು. ನಾನು ತರಗತಿಯ ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಹುಡುಗಿಯ ಉಸಿರು ಏರಿತು. ಫಕೀರವ್ವ ಎದೆ ಮುಟ್ಟಿ ನೋಡಲಿಲ್ಲ, ಏನೂ ಕೇಳಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತಲೇ ಹೇಳಿದಳು:

"ನನಗೂ ಅಂಜಿಕಿ ಬರತೈತಿ. ಮ್ಯಾಲ ಹತ್ತುವಾಗ, ದಿನಾ."

ಶ್ವೇತಾ ತಾಯಿಯ ಮುಖ ನೋಡಿದಳು. "ಮತ್ತ ಬೀಳೂದಿಲ್ಲಾ?"

"ಇನ್ನೂ ತನಕಾ ಬಿದ್ದಿಲ್ಲ. ಅಂಜಿಕೋತನ ಹತ್ತತೇನಿ. ಹಗ್ಗ ಹಿಡಕೊಂಡು ಹತ್ತತೇನಿ."

ಹುಡುಗಿ ದನಿ ತಗ್ಗಿಸಿ ಕೇಳಿದಳು, "ಯಾಡಿಗೆ ಗೊತ್ತೈತಿ?"

"ಇಲ್ಲ. ನಿಮ್ಮಪ್ಪಗೂ ಗೊತ್ತಿಲ್ಲ. ನಿನ್ನ ಮುಂದ ಅಷ್ಟ ಹೇಳೇನಿ."

ಶ್ವೇತಾ ಎದ್ದಳು. ನಡುಗುತ್ತಲೇ ನನ್ನ ಪಕ್ಕದಿಂದ ಒಳಗೆ ಹೋಗಿ, ಬಾಗಿಲ ಹತ್ತಿರದ ಬೆಂಚಿನ ತುದಿಗೆ ಕುಳಿತಳು.

ಫಕೀರವ್ವ ಬುತ್ತಿಯ ಚೀಲ ಎತ್ತಿಕೊಂಡಳು. ಕೆಲಸಕ್ಕೆ ಹೊತ್ತಾಗಿತ್ತು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು ನನ್ನ ಹತ್ತಿರ ನಿಂತಳು.

"ನಿಮಗ ಕೇಳಿಸ್ತೇನ್ರಿ ಅಕ್ಕೋರ?"

"ಇಲ್ಲ," ಎಂದೆ.

"ಕೇಳಿಸಿದ್ರೂ ಗಂಗಿ ಮುಂದ ಹೇಳಬ್ಯಾಡ್ರಿ."